ಮೊಸಳೆ ಮಿರ್ಚಿ, ಸಕ್ಕರೆ ಆನೆ

ಮೆಣಸಿನಕಾಯಿಗೆ ಕಣ್ಣು ಇಡಬೇಕು ಎಂದು ಮೊದಲು ಯಾರ ತಲೆಗೆ ಹೊಳೆಯಿತೋ, ಅವರಿಗೆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ ಎಂದೇ ನನ್ನ ಅನುಮಾನ. ಕೊಪ್ಪಳ ಜಿಲ್ಲೆಯ ಹಿಟ್ನಾಳದ ಹತ್ತಿರ ಹೆದ್ದಾರಿ ಬದಿಗೆ ಆಗಿರುವ ಹೊಸ ಪಾರ್ಕಿನಲ್ಲಿ ನಾನದನ್ನು ಕಂಡೆ. ಗೇಣುದ್ದದ ಮಿರ್ಚಿ ಬಜಿ. ತುದಿಯನ್ನು ಬಾಯಿಯ ಹಾಗೆ ಸೀಳಿ, ಒಳಗೆ ಕೊಬ್ಬರಿ ಚೂರುಗಳನ್ನು ಹಲ್ಲಿನಂತೆ ಸಾಲಾಗಿ ಚುಚ್ಚಿ, ಮೇಲೆ ಎರಡು ಪುಟಾಣಿ ಕಾಳು ಅಂಟಿಸಿ ಕಣ್ಣು ಮಾಡಿದ್ದರು. ಹೆಸರು ಮೊಸಳೆ ಮಿರ್ಚಿ. ನಮ್ಮ ಕಡೆ ಬೆಳಗಾದರೆ ಮಂಡಕ್ಕಿ ಒಗ್ಗರಣೆ, ಬದಿಗೆ ಎರಡು ಬಿಸಿ ಮಿರ್ಚಿ. ಇಷ್ಟು ವರ್ಷ ಅದನ್ನು ತಿಂದ ಯಾರೂ ಅದರ ಮುಖ ನೋಡಿದವರಲ್ಲ. ಬಿಸಿ ಇದೆಯೋ ಆರಿದೆಯೋ, ಖಾರ ಇದೆಯೋ ಸಪ್ಪಗಿದೆಯೋ, ಇಷ್ಟೇ ಕೇಳುತ್ತಿದ್ದರು. ಅಂದು ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ತಾಯಿ ತನ್ನ ಮಗಳಿಗೆ, ಮೊಸಳೆಗೆ ಮೊದಲು ಟಾಟಾ ಮಾಡು, ಆಮೇಲೆ ತಿನ್ನು ಎಂದು ಹೇಳಿಕೊಡುತ್ತಿದ್ದಳು. ಹುಡುಗಿ ಟಾಟಾ ಮಾಡಿತು, ಫೋಟೊಗೆ ನಿಂತಿತು, ಮೊಸಳೆ ತಣ್ಣಗಾದ ಮೇಲೆ ಒಂದು ಕಣ್ಣು ಮಾತ್ರ ಕಿತ್ತು ತಿಂದು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಜಾರುಬಂಡಿಯ ಕಡೆ ಓಡಿತು.

ಆ ಮೊಸಳೆಯನ್ನು ಮಾಡಿದವಳು ನನ್ನ ಒಡಹುಟ್ಟಿದ ತಂಗಿ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಬರೀ ಪಾರ್ಕನ್ನು ಬೈಯಲು ಕೂತಿದ್ದೇನೆ ಎಂದು ಓದುವವರು ತಿಳಿದುಕೊಳ್ಳುತ್ತಾರೆ. ಪಾರ್ಕನ್ನು ಬೈಯುವುದೂ ಇದೆ, ಅದನ್ನು ಬಿಡುವವಳಲ್ಲ ನಾನು.

ನಾನು ಯಲಬುರ್ಗಾ ತಾಲೂಕಿನ ಹಳ್ಳಿಗಳ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಕ್ಕಳ ಕಾಪಿ ತಿದ್ದಿ ತಿದ್ದಿ, ಕಂಡದ್ದಕ್ಕೆಲ್ಲ ಕೆಂಪು ಗೆರೆ ಎಳೆಯುವ ಚಟ ಕೈಯಿಂದ ನಾಲಿಗೆಗೆ ಬಂದಿದೆ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಗಂಗಾವತಿಯ ವ್ಯಾಪಾರಸ್ಥರ ದೊಡ್ಡ ಕುಟುಂಬಕ್ಕೆ ಸೊಸೆಯಾಗಿ ಹೋಗಿ, ಮೂವತ್ತು ವರ್ಷ ಆ ಮನೆಯ ಒಲೆಯ ಮುಂದೆಯೇ ಕಳೆದಳು. ಅಲ್ಲಿ ಅವಳ ಅಡುಗೆ ಚೆನ್ನಾಗಿದ್ದ ದಿನ ಯಾರೂ ಮಾತಾಡುತ್ತಿರಲಿಲ್ಲ; ಉಪ್ಪು ಒಂದು ಕಾಳು ಕಡಿಮೆಯಾದ ದಿನ ಎಲ್ಲರಿಗೂ ನಾಲಿಗೆ ಬರುತ್ತಿತ್ತು. ಮೈದುನರು ಬೇರೆಯಾಗಿ, ಮಕ್ಕಳು ದೊಡ್ಡವರಾಗಿ ಅವರವರ ಕೆಲಸ ಹಿಡಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಅವಳು ಪಾರ್ಕಿನ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ರೊಟ್ಟಿ ಬಡಿಯಲು ಎಂದು ಸೇರಿದವಳು ವರ್ಷ ತುಂಬುವುದರೊಳಗೆ ತಿಂಡಿಗಳಿಗೆ ಕಣ್ಣು ಮೂಗು ಇಡುವವಳಾದಳು. ನನಗೆ ನಾಚಿಕೆಯಾಯಿತು. ಅವಳಿಗೆ ಸಂತೋಷವಾಗಿತ್ತು.

ದಸರಾ ರಜೆಯಲ್ಲಿ ಒಮ್ಮೆ ಬಂದು ನೋಡು ಎಂದು ಕರೆದಳು, ಹೋದೆ. ಪಾರ್ಕಿಗೆ ಕಾಡಿನ ವೇಷ ಹಾಕಿದ್ದರು. ಬಾಗಿಲಲ್ಲಿ ಸಿಮೆಂಟಿನ ಸಿಂಹ ಬಾಯಿ ತೆರೆದು ಕೂತಿದೆ, ಅದರ ಬಾಯಿಯೊಳಗಿಂದ ನಾವು ಹೋಗಬೇಕು. ಒಳಗೆ ಸಿಮೆಂಟಿನ ಜಿರಾಫೆ, ಸಿಮೆಂಟಿನ ಜಿಂಕೆ, ಒಂದು ಕಾಲು ಒಡೆದು ತಂತಿ ಕಾಣುವ ಸಿಮೆಂಟಿನ ಚಿರತೆ. ನಡುವೆ ಒಂದೇ ಒಂದು ನಿಜವಾದ ಬೇವಿನ ಮರವಿತ್ತು. ಅದರ ಕೆಳಗೆ ಕೂತುಕೊಳ್ಳಬಾರದು ಎಂದು ಫಲಕ ಹಾಕಿದ್ದರು. ಊಟದ ಜಾಗಕ್ಕೆ ಗುಹೆ ಎಂದು ಹೆಸರು. ಗುಹೆಯಲ್ಲಿ ಫ್ಯಾನು ತಿರುಗುತ್ತಿತ್ತು.

ತಂಗಿ ಒಂದೊಂದಾಗಿ ತಂದು ನನ್ನ ಮುಂದಿಟ್ಟಳು. ಮೊಲದ ಇಡ್ಲಿ: ಇಡ್ಲಿಗೆ ಗಜ್ಜರಿಯ ಎರಡು ಕಿವಿ, ಮೆಣಸಿನ ಕಾಳಿನ ಕಣ್ಣು. ಐದು ಪುಟ್ಟ ಇಡ್ಲಿಗಳನ್ನು ಒಂದರ ಹಿಂದೊಂದು ಅಂಟಿಸಿದ ಹುಳ. ಊಟದಲ್ಲಿ ಹುಳ ಸಿಕ್ಕರೆ ತಟ್ಟೆ ದೂಡುವ ಜನ ಈ ಹುಳವನ್ನು ಹುಡುಕಿಕೊಂಡು ಬರುತ್ತಿದ್ದರು. ಕರಡಿ ಮುಖದ ಬನ್ನು. ನಮ್ಮ ಗುಡ್ಡಗಳಲ್ಲಿ ನಿಜವಾದ ಕರಡಿಗಳಿವೆ, ಶೇಂಗಾ ಬಲಿತ ಹೊತ್ತಿಗೆ ಹೊಲಕ್ಕೆ ಇಳಿಯುತ್ತವೆ, ಆಗ ಜನ ಅವುಗಳ ಮುಖ ಮುದ್ದಾಗಿದೆಯೇ ಎಂದು ನೋಡಲು ನಿಲ್ಲುವುದಿಲ್ಲ, ಪಂಚೆ ಎತ್ತಿ ಕಟ್ಟಿ ಓಡುತ್ತಾರೆ. ಇಲ್ಲಿ ಅದೇ ಓಡುವವರ ಮಕ್ಕಳು ಕರಡಿಯ ಮೂಗನ್ನು ಚೀಪುತ್ತಿದ್ದರು. ನೀಲಿ ಬಣ್ಣದ ಒಂದು ಶರಬತ್ತೂ ಇತ್ತು. ನನಗೆ ತಿಳಿದಂತೆ ಜಗತ್ತಿನಲ್ಲಿ ನೀಲಿ ಬಣ್ಣದ ನೀರೆಂದರೆ ಬಟ್ಟೆಗೆ ಹಾಕುವ ನೀಲಿಯದು ಮಾತ್ರ.

ಹೇಗಿವೆ ಎಂದು ಅವಳು ಕೇಳಿದಳು. ತಿನ್ನಬೇಕೋ, ಗೋಡೆಗೆ ತೂಗುಹಾಕಬೇಕೋ ಅಷ್ಟು ಹೇಳಿಬಿಡು ಎಂದೆ. ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಚಿಕ್ಕಂದಿನಿಂದಲೂ ನಾನು ಯಾವುದನ್ನು ಹಂಗಿಸಿದರೂ ಅವಳು ನಗುತ್ತಾಳೆ. ಆ ನಗು ನನ್ನ ಮಾತಿಗೆ ಒಪ್ಪಿಗೆ ಎಂದೇ ನಾನು ಐವತ್ತು ವರ್ಷ ನಂಬಿದ್ದೆ.

ಇಡ್ಲಿ ಮಾತ್ರ ಹತ್ತಿಯ ಹಾಗಿತ್ತು. ಅದನ್ನು ನಾನು ಹೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವಳ ಫೋನು ಬಂತು. ಪಾರ್ಕಿನ ಮಾಲೀಕರು ಸಿದ್ದಾಪುರ ಕಡೆಯವರು, ಭತ್ತದಲ್ಲಿ ಮುಂದೆ ಬಂದವರು, ಮಾತಿನ ತುದಿಗೆಲ್ಲ ಅಮ್ಮಾ ಎಂದು ಸೇರಿಸುವವರು. ಮೊಲ, ಕರಡಿ ಎಲ್ಲ ಪಾರ್ಕಿನಲ್ಲೂ ಇರುತ್ತವೆ, ನಮ್ಮ ಕಡೆಯದೇ ಒಂದು ಮುದ್ದಾದ ತಿನಿಸು ಬೇಕು ಎಂದು ಅವರು ಕೇಳಿದರಂತೆ. ತಂಗಿ, ಸಕ್ಕರೆ ಆರತಿಯ ಆನೆ ಮಾಡಿಕೊಡುತ್ತೇನೆ ಎಂದಳಂತೆ. ಅವರಿಗೆ ಭಾರಿ ಹಿಡಿಸಿತು. ಗೌರಿ ಹುಣ್ಣಿಮೆಯ ಹಿಂದಿನ ಭಾನುವಾರ ಮಾಡಿ ತೋರಿಸಬೇಕು, ಅಂದು ತಮ್ಮ ನೆಂಟರು, ಗೆಳೆಯರು ಎಲ್ಲ ಬರುತ್ತಾರೆ. ಆನೆ ಗೆದ್ದರೆ ಇಡೀ ಅಡುಗೆಮನೆ ಅವಳ ಕೈಗೆ. ಏನು ಮಾಡಬೇಕು, ಯಾರು ಮಾಡಬೇಕು, ಎಲ್ಲ ಅವಳೇ ಹೇಳಬಹುದು. ಇಲ್ಲದಿದ್ದರೆ ಹೈದರಾಬಾದಿನಿಂದ ಒಬ್ಬ ಅಡುಗೆಯವನನ್ನು ಕರೆಸುತ್ತಾರೆ, ಅವನ ಜೊತೆ ಮಾತಾಗಲೇ ಮುಗಿದಿದೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ ತಂಗಿ ಕೊನೆಗೆ ದನಿ ಇಳಿಸಿ, ಅಚ್ಚುಗಳು ನಿನ್ನ ಹತ್ತಿರ ಇವೆಯಲ್ಲ ಅಕ್ಕಾ, ಎಂದಳು.

ಅಚ್ಚುಗಳು ನನ್ನ ಹತ್ತಿರವೇ ಇದ್ದವು.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆಯ ಬೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಆನೆ, ಒಂಟೆ, ನವಿಲು, ಬಸವಣ್ಣ, ತುಳಸಿಕಟ್ಟೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರಬೇಕು, ಬರದಿದ್ದರೆ ಓಣಿಯೆಲ್ಲ ಕೇಳುತ್ತದೆ. ನಮ್ಮ ಮನೆಯ ಅಚ್ಚುಗಳನ್ನು ಅಜ್ಜಿಯ ಕಾಲದಲ್ಲಿ ಕಿನ್ನಾಳದಲ್ಲಿ ಕೆತ್ತಿಸಿದ್ದು. ತೇಗದ ಮರ, ಒಂದೊಂದಕ್ಕೂ ಎರಡು ಹೋಳು, ಆನೆಯವೇ ನಾಲ್ಕು. ಸಕ್ಕರೆಗೆ ನೀರು ಹಾಕಿ ಕುದಿಸಬೇಕು, ಹಾಲು ಬಿಟ್ಟು ಕೊಳೆ ತೆಗೆಯಬೇಕು, ಬಿಳಿ ಅರಿವೆಯಲ್ಲಿ ಸೋಸಿ ಮತ್ತೆ ಕುದಿಸಬೇಕು. ಎರಡು ಹೋಳು ಜೋಡಿಸಿ ದಾರದಿಂದ ಬಿಗಿದ ಅಚ್ಚಿಗೆ ಪಾಕ ಸುರಿದು, ಐದೇ ನಿಮಿಷಕ್ಕೆ ದಾರ ಬಿಚ್ಚಿದರೆ ಬಿಳಿ ಆನೆ ನಿಂತಿರುತ್ತದೆ. ಇದರಲ್ಲಿ ತಪ್ಪಿಸಬಾರದ್ದು ಒಂದಿದೆ. ಅಚ್ಚು ಹಿಂದಿನ ದಿನವೇ ನೀರಿಗೆ ಬೀಳಬೇಕು. ವರ್ಷವಿಡೀ ಪೆಟ್ಟಿಗೆಯಲ್ಲಿ ಒಣಗಿದ ಮರ ಪಾಕವನ್ನು ಕಚ್ಚಿ ಹಿಡಿಯುತ್ತದೆ. ರಾತ್ರಿಯಿಡೀ ನೀರು ಕುಡಿದ ಮರ ಮಾತ್ರ ಬೊಂಬೆಯನ್ನು ಬಿಟ್ಟುಕೊಡುತ್ತದೆ.

ಅವ್ವ ಹೋಗುವಾಗ ಅಚ್ಚುಗಳ ಪೆಟ್ಟಿಗೆಯನ್ನು ನನಗೆ ಕೊಟ್ಟಳು, ಹಿರಿಯಳೆಂದು. ಆದರೆ ಅವ್ವನ ಕೈ ಬಂದದ್ದು ತಂಗಿಗೆ. ನನ್ನ ಪಾಕ ಒಂದು ವರ್ಷ ಹರಳುಗಟ್ಟುತ್ತದೆ, ಇನ್ನೊಂದು ವರ್ಷ ಅಂಟಾಗುತ್ತದೆ. ನಾನು ಮಾಡಿದ ಒಂಟೆಯನ್ನು ಒಮ್ಮೆ ಪಕ್ಕದ ಮನೆಯಾಕೆ ಕೋಳಿ ಎಂದು ಕೇಳಿದ್ದಳು. ಹಾಗಾಗಿ ಪ್ರತಿ ವರ್ಷ ತಂಗಿಯೇ ಗಂಗಾವತಿಯಿಂದ ಬಂದು ಯಲಬುರ್ಗಾದ ನನ್ನ ಅಡುಗೆಮನೆಯಲ್ಲಿ ಆರತಿ ಮಾಡಿಕೊಟ್ಟು ಹೋಗುತ್ತಿದ್ದಳು. ಓಣಿಯವರು ನಿಮ್ಮ ಮನೆ ಆರತಿ ಎಂದು ಹೊಗಳಿದರೆ ನಾನು ಸುಮ್ಮನೆ ತಲೆ ಆಡಿಸುತ್ತಿದ್ದೆ. ಪೆಟ್ಟಿಗೆಗೆ ಬೀಗ ಹಾಕಿ ಇಡುತ್ತಿದ್ದೆ. ಮರದ ತುಂಡುಗಳನ್ನು ಯಾರು ಕದಿಯುತ್ತಾರೆ ಎಂದು ತಂಗಿ ಎಂದೂ ಕೇಳಲಿಲ್ಲ.

ಚಿಕ್ಕವರಿದ್ದಾಗ ಪೂಜೆಯಾಗುವ ತನಕ ಬೊಂಬೆ ಮುಟ್ಟುವ ಹಾಗಿರಲಿಲ್ಲ. ಮುರಿದದ್ದು ಮಾತ್ರ ನಮ್ಮ ಪಾಲಿಗೆ. ಮುರಿದ ಬೊಂಬೆ ಗೌರಿಗೆ ಸಲ್ಲುವುದಿಲ್ಲ, ಮಕ್ಕಳಿಗೆ ಸಲ್ಲುತ್ತದೆ. ನನಗೆ ಆನೆಯ ಸೊಂಡಿಲೆಂದರೆ ಪ್ರಾಣ. ತಂಗಿ ಅವ್ವನ ಕಣ್ಣು ತಪ್ಪಿಸಿ, ಪಾಕ ಗಟ್ಟಿಯಾಗುವ ಮೊದಲೇ ದಾರ ಎಳೆದುಬಿಡುತ್ತಿದ್ದಳು. ಸೊಂಡಿಲು ಮುರಿಯುತ್ತಿತ್ತು. ಅವಳ ಬೆನ್ನಿಗೆ ಎರಡು ಬೀಳುತ್ತಿದ್ದವು. ಅಳುತ್ತಲೇ ಹಿತ್ತಿಲಿಗೆ ಬಂದು ಸೊಂಡಿಲನ್ನು ನನ್ನ ಕೈಯಲ್ಲಿ ಇಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ಒಂದು ಸಲವೂ ಅರ್ಧ ಕೊಟ್ಟ ನೆನಪಿಲ್ಲ.

ಇಂಥ ಅಚ್ಚುಗಳನ್ನು ಪಾರ್ಕಿಗೆ ಕೊಡು ಎಂದರೆ ನನ್ನ ಮೈ ಉರಿಯಿತು. ಆನೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಬಟ್ಟಲಲ್ಲಿ ಗೋದಿ ಹುಗ್ಗಿ ಹಾಕಿ, ಅದು ಆರಿದ ಮೇಲೆ ಅದರಲ್ಲಿ ಆನೆಯನ್ನು ನಿಲ್ಲಿಸುವುದು, ಮಾಲೀಕರು ಅದಕ್ಕೆ ಕೆಸರಿನ ಆನೆ ಎಂದು ಹೆಸರಿಟ್ಟಿದ್ದಾರೆ ಎಂದಳು. ಹುಗ್ಗಿಯನ್ನು ಕೆಸರು ಎನ್ನುವವರ ಮನೆಯಲ್ಲಿ ನೀನು ಅಡುಗೆ ಮಾಡುತ್ತೀಯಾ ಎಂದೆ. ಬೆಲ್ಲ, ಗಸಗಸೆ, ಕೊಬ್ಬರಿ ಹಾಕಿ ಹೊತ್ತುಗಟ್ಟಲೆ ತಿರುವಿದ ಹುಗ್ಗಿ, ಮದುವೆಯಲ್ಲಿ ಬೀಗರು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವ ಹುಗ್ಗಿ, ಅದು ಕೆಸರಂತೆ. ಅದರಲ್ಲಿ ಗೌರಿಯ ಆನೆ ಉರುಳಾಡಬೇಕಂತೆ. ತಂಗಿ ಎಂದಿನಂತೆ ನಕ್ಕಳು. ನಂತರ ನಗು ನಿಲ್ಲಿಸಿ, ನನಗೆ ಇದೊಂದು ಬೇಕಾಗಿದೆ ಅಕ್ಕಾ ಎಂದಳು. ಅವಳು ತನಗೆ ಬೇಕು ಎಂದು ನನ್ನ ಹತ್ತಿರ ಕೇಳಿದ್ದು ಅದೇ ಮೊದಲು. ತರುತ್ತೇನೆ ಎಂದೆ.

ಶನಿವಾರ ಮಧ್ಯಾಹ್ನ ಮತ್ತೆ ಫೋನು ಮಾಡಿದಳು.

"ಅಕ್ಕಾ, ಅಚ್ಚು ಈಗನ ನೀರಾಗ ಹಾಕು. ನಾಳಿ ಮುಂಜಾನಿ ಹಸಿ ಅರಿವ್ಯಾಗ ಸುತ್ತಿಕೊಂಡು ಬಾ. ಇಲ್ಲಿ ಬಂದಮ್ಯಾಲ ನೆನಸಾಕ ಹೊತ್ತು ಇರೂದಿಲ್ಲ."

ಆಯಿತು ಎಂದು ಫೋನು ಇಟ್ಟೆ. ಪೆಟ್ಟಿಗೆ ಅಟ್ಟದ ಮೇಲಿತ್ತು. ಇಳಿಸಿ, ಬೀಗ ತೆಗೆದು, ಅಚ್ಚುಗಳನ್ನು ಸಾಲಾಗಿ ಕಟ್ಟೆಯ ಮೇಲಿಟ್ಟೆ. ಬುಟ್ಟಿಯಷ್ಟು ದೊಡ್ಡ ಬೋಗುಣಿ ಖಾಲಿಯಿತ್ತು, ನೀರು ಬಂದಿತ್ತು, ನನಗೆ ಬೇರೆ ಕೆಲಸವೂ ಇರಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಕೆಸರಿನ ಆನೆಗೆ ನಾನೇಕೆ ನೀರು ತುಂಬಬೇಕು ಎನಿಸಿತು. ಆಮೇಲೆ ಹಾಕಿದರಾಯಿತು ಎಂದುಕೊಂಡೆ. ಆಮೇಲೆ ಎಂಬುದು ಬಂದಾಗ, ಅಲ್ಲಿ ಅವಳೇ ನೆನೆಸಿಕೊಳ್ಳಲಿ, ಕೈ ಇರುವವಳು ಅವಳಲ್ಲವೇ ಎಂದುಕೊಂಡೆ. ಈ ಕೊನೆಯ ಮಾತು ನನ್ನೊಳಗಿಂದ ಬಂದದ್ದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಆದರೂ ಹೋಗಿ ಬೋಗುಣಿ ತುಂಬಲಿಲ್ಲ.

ಭಾನುವಾರ ಬೆಳಿಗ್ಗೆ ಚೀಲದಲ್ಲಿ ಒಣ ಅಚ್ಚುಗಳನ್ನು ಹಾಕಿಕೊಂಡು ಬಸ್ಸು ಹತ್ತಿದೆ. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದೆ ಸ್ವಲ್ಪ ಅಳುಕಿತು. ಮುಂದಿನ ಬಸ್ಸಿಗೆ ಹೊತ್ತಿತ್ತು. ಬೆಂಚಿನ ಮೇಲೆ ಕೂತು, ಬಾಟಲಿಯ ನೀರನ್ನು ಅಚ್ಚುಗಳ ಮೇಲೆ ಸುರಿದು, ಟವೆಲು ತೋಯಿಸಿ ಸುತ್ತಿದೆ. ಮೇಲೆ ಮುಟ್ಟಿದರೆ ಒದ್ದೆ. ಹೋಂವರ್ಕ್ ಮಾಡದೆ ಬಂದ ಮಕ್ಕಳ ಕಳ್ಳಾಟಗಳನ್ನು ಮೂವತ್ತು ವರ್ಷ ಹಿಡಿದವಳು ನಾನು. ಬಸ್ಸು ಹತ್ತುವ ಮುಂಚೆ ಅವಸರದಲ್ಲಿ ಗೀಚಿ ತಂದ ಕಾಪಿಯನ್ನು ದೂರದಿಂದಲೇ ಗುರುತಿಸುತ್ತಿದ್ದೆ.

ಸಿಂಹದ ಬಾಯಿಯ ಮೇಲೆ ಅಂದು ದೊಡ್ಡ ಬ್ಯಾನರು ಕಟ್ಟಿದ್ದರು, ಅದರಲ್ಲಿ ಸೊಂಡಿಲೆತ್ತಿದ ಬಿಳಿ ಆನೆಯ ಚಿತ್ರ. ತಂಗಿ ಹೊಸ ಸೀರೆ ಉಟ್ಟು, ಮೇಲೆ ಪಾರ್ಕಿನವರು ಕೊಟ್ಟ ಏಪ್ರನ್ನು ಕಟ್ಟಿಕೊಂಡು, ಪಾಕ ಸೋಸುತ್ತಿದ್ದಳು. ಟವೆಲು ಬಿಚ್ಚಿ ಒಂದು ಅಚ್ಚು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಒಳಗಿನ ಸೊಂಡಿಲಿನ ಗೆರೆಯನ್ನು ಒಮ್ಮೆ ಸವರಿದಳು. ಎಲ್ಲವನ್ನೂ ನೀರಿನ ಟಬ್ಬಿಗೆ ಹಾಕಿ, ಒಲೆಯ ಉರಿ ಸಣ್ಣ ಮಾಡಿದಳು. ನಾನು, ದಾರಿಯಲ್ಲಿ ಬಿಸಿಲು ಇತ್ತು, ಬಸ್ಸಿನಲ್ಲಿ ಒಣಗಿದವು ಎಂದು ನಾನಾಗಿಯೇ ಹೇಳಿದೆ. ಕಾರ್ತಿಕ ಮಾಸದ ಬೆಳಗಿನಲ್ಲಿ ಬಸ್ಸಿನ ಕಿಟಕಿ ಮುಚ್ಚಿಕೊಂಡು ಬಂದವಳು ನಾನು. ಅವಳು ಆಗಲಿ ಎಂದಳು.

ಆದರೆ ಕಾಯಲು ಹೊತ್ತಿರಲಿಲ್ಲ. ಹನ್ನೊಂದಕ್ಕೆ ಜನ ತುಂಬಿದರು, ಮಾಲೀಕರು ಎರಡು ಸಲ ಬಂದು ಆಯಿತೇ ಅಮ್ಮಾ ಎಂದು ಕೇಳಿ ಹೋದರು. ಅವಳು ಅಚ್ಚು ಬಿಗಿದು ಪಾಕ ಸುರಿದಳು. ಮೊದಲ ಆನೆಯ ದಾರ ಬಿಚ್ಚಿದಾಗ ಮೈ ಬಂತು, ಸೊಂಡಿಲು ಮರದಲ್ಲೇ ಉಳಿಯಿತು. ಎರಡನೆಯದರದ್ದೂ ಹಾಗೆಯೇ. ನವಿಲಿನ ಕತ್ತು, ಒಂಟೆಯ ಎರಡು ಕಾಲು. ಅವಳು ಪಾಕವನ್ನು ತುಸು ತೆಳುವಾಗಿಸಿ ನೋಡಿದಳು, ಅಚ್ಚಿಗೆ ತುಪ್ಪ ಸವರಿ ನೋಡಿದಳು, ದಾರವನ್ನು ತಡವಾಗಿ ಬಿಚ್ಚಿ ನೋಡಿದಳು. ನಾಲ್ಕೈದು ಸುತ್ತಿನ ಮೇಲೆ ಅಲ್ಲೊಂದು ಇಲ್ಲೊಂದು ಇಡಿಯಾಗಿ ಬರತೊಡಗಿದವು. ಹತ್ತರಲ್ಲಿ ಎರಡು. ಅಡುಗೆಮನೆಯ ಮೇಜಿನ ಮೇಲೆ ಸೊಂಡಿಲಿಲ್ಲದ ಆನೆಗಳು ಸಾಲಾಗಿ ನಿಂತವು.

ಇಡಿಯಾದವುಗಳನ್ನು ಹುಗ್ಗಿಯಲ್ಲಿ ನಿಲ್ಲಿಸಿ ಹೊರಗೆ ಕಳಿಸಿದರು. ಮಾಲೀಕರು ಎಣಿಸಿರದ ಒಂದು ಸಂಗತಿ ಆಗ ನಡೆಯಿತು. ಮಕ್ಕಳು ಆನೆಯ ಕಿವಿ ಕಚ್ಚುತ್ತಾರೆ, ಅದರ ಫೋಟೊ ತೆಗೆಸಬೇಕು ಎಂದು ಅವರು ಕ್ಯಾಮರಾದವನನ್ನು ನಿಲ್ಲಿಸಿದ್ದರು. ನಮ್ಮ ಜನ ಹುಣ್ಣಿಮೆಗೆ ಮುಂಚೆ, ಗೌರಿಗೆ ತೋರಿಸದೆ, ಸಕ್ಕರೆ ಆನೆಯನ್ನು ಕಚ್ಚುತ್ತಾರೆಯೇ? ಹೆಂಗಸರು ಬಟ್ಟಲು ಕೈಗೆ ಬರುತ್ತಲೇ ಆನೆಯನ್ನು ಎತ್ತಿ, ಸೆರಗಿನ ತುದಿಯಿಂದ ಅದರ ಕಾಲಿಗೆ ಅಂಟಿದ ಹುಗ್ಗಿ ಒರೆಸಿ, ಕಣ್ಣಿಗೆ ಒತ್ತಿಕೊಂಡು, ಕಾಗದ ಕೊಡಿ, ಮನೆಗೆ ಒಯ್ಯುತ್ತೇವೆ ಎಂದರು. ಒಬ್ಬಿಬ್ಬರು ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತರು. ಹುಗ್ಗಿ ಬೇರೆ ಕೊಡಿ, ಆನೆ ಬೇರೆ ಕೊಡಿ ಎಂದು ಬೇಡಿಕೆ ಬಂತು. ಕ್ಯಾಮರಾದವನು ಬರಿಯ ಹುಗ್ಗಿ ತಿನ್ನುವವರ ಫೋಟೊ ತೆಗೆದ. ನನಗೆ ಒಳಗೊಳಗೇ ಖುಷಿಯಾಯಿತು. ಕೆಸರು ಎಂದವರಿಗೆ ತಕ್ಕ ಶಾಸ್ತಿಯಾಯಿತು ಎಂದುಕೊಂಡೆ.

ಖುಷಿ ಬಹಳ ಹೊತ್ತು ಇರಲಿಲ್ಲ. ಇಡಿಯಾದವು ಮುಗಿದವು. ಕುಷ್ಟಗಿ ಕಡೆಯ ಒಬ್ಬ ಹೆಂಗಸು ಕಿಟಕಿಯ ಹತ್ತಿರ ಬಂದಳು. ಮಗನಿಗೆ ಹುಡುಗಿ ನಿಶ್ಚಯವಾಗಿದೆ, ಬೀಗರ ಮನೆಗೆ ಕಳಿಸಲು ಆರತಿ ಬೇಕು, ಈಗ ಊರಲ್ಲಿ ಇಂಥ ಕೈ ಇರುವವರು ಯಾರೂ ಉಳಿದಿಲ್ಲ, ಇದ್ದಷ್ಟೂ ಕೊಡಿ ಎಂದಳು. ತಂಗಿಯ ಮುಖ ಅರಳಿತು. ನಂತರ ಮೇಜಿನ ಕಡೆ ನೋಡಿ ಬಾಡಿತು. ಆ ಹೆಂಗಸೂ ಬಗ್ಗಿ ಆ ಸಾಲನ್ನು ನೋಡಿದಳು.

"ಸೊಂಡಿ ಮುರದ ಆನಿ ಬೀಗರ ಮನಿಗೆ ಹೆಂಗ ಕಳಸೂದ್ರಿ? ಬ್ಯಾಡ್ರಿ."

ಕೋಪದಿಂದ ಅಂದದ್ದಲ್ಲ. ನಿಜವಾಗಿಯೂ ಬೇಸರಪಟ್ಟುಕೊಂಡೇ ಅಂದು, ಬರುತ್ತೇನೆ ಎಂದು ಹೋದಳು. ಅಷ್ಟರಲ್ಲಿ ಮಾಲೀಕರು ತಮ್ಮ ನೆಂಟರನ್ನು ಕರೆದುಕೊಂಡು ಅಡುಗೆಮನೆಗೇ ಬಂದರು. ಅವರ ಕಣ್ಣು ಮೇಜಿನ ಮೇಲೆ ಬಿತ್ತು. ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು.

"ಏನಮ್ಮಾ, ಆನಿ ಮಾಡ್ರಿ ಅಂದ್ರ ಹಂದಿ ಮಾಡೀರಲ್ಲ."

ನೆಂಟರೆಲ್ಲ ನಕ್ಕರು. ಕೆಲಸದ ಹೆಂಗಸರು ನಗು ತಡೆದುಕೊಂಡರು. ಆ ಮಾತು ಬೇರೆ ಯಾವ ದಿನವಾದರೂ, ಬೇರೆ ಯಾರ ಆನೆಯ ಮೇಲಾದರೂ, ನನ್ನ ಬಾಯಿಂದ ಬರಬಹುದಾಗಿದ್ದ ಮಾತೇ. ಅದೇ ಧಾಟಿ, ಅದೇ ಹುಬ್ಬಿನ ಏರಿಕೆ. ಇಷ್ಟು ವರ್ಷ ನಾನು ಹೇಳುತ್ತಿದ್ದಾಗ ಕೇಳುವವರಿಗೆ ಹೇಗಿರುತ್ತದೆ ಎಂದು ಅಂದು ಕಂಡೆ. ತಂಗಿ ಸೆರಗು ಬಾಯಿಗೆ ಒತ್ತಿ ನಕ್ಕಳು. ನನ್ನ ಮುಂದೆ ನಗುವ ಅದೇ ನಗು. ಕಣ್ಣಲ್ಲಿ ನೀರಿತ್ತು. ಅದು ಒಪ್ಪಿಗೆಯ ನಗು ಅಲ್ಲ, ಎಂದೂ ಅಲ್ಲ, ಏಟು ಬಿದ್ದ ಜಾಗವನ್ನು ಮುಚ್ಚಿಕೊಳ್ಳುವ ನಗು ಎಂದು ನನಗೆ ಆಗ ತಿಳಿಯಿತು. ತಿಳಿದು ನಾನು ಮಾಡಿದ್ದಾದರೂ ಏನು? ಬಾಯಿ ತೆರೆದು, ಎಲ್ಲರೆದುರು ಹೇಳಿದೆ.

"ಅಚ್ಚು ಹಳೇವ್ರಿ. ಮರ ಮುಪ್ಪಾಗೇತಿ, ಅದಕ್ಕ ಹಿಂಗ ಆತು."

ತಂಗಿ ನನ್ನ ಕಡೆ ನೋಡಿದಳು. "ಹೂಂ," ಎಂದಳು. "ಹಳೇವಾಗ್ಯಾವ."

ಮಾಲೀಕರು ಕೆಟ್ಟವರಲ್ಲ. ಗದರಲಿಲ್ಲ. ಸಂಜೆ ಅವಳನ್ನು ಕರೆದು, ನಿಮ್ಮ ಹುಗ್ಗಿ ಚೆನ್ನಾಗಿತ್ತಮ್ಮಾ, ನೀವು ಇಲ್ಲೇ ಇರಿ, ಆದರೆ ಮೇಲೆ ನೋಡಿಕೊಳ್ಳಲು ಹೈದರಾಬಾದಿನವನು ಬರಲಿ ಎಂದರಂತೆ. ಅವಳು ಆಗಲಿರಿ ಎಂದಳಂತೆ. ಪಾರ್ಕಿನ ಹೊರಗೆ ಬಸ್ಸಿಗೆ ಕಾಯುತ್ತ ನಿಂತಾಗ ಇದನ್ನು ಹೇಳಿ, ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅಚ್ಚಿನ ಒಳಗೆ ಅಂಟಿದ್ದನ್ನು ಕಡ್ಡಿಯಿಂದ ಎಬ್ಬಿಸಿ ತೆಗೆದದ್ದು.

"ತಗೋ ಅಕ್ಕಾ, ಸೊಂಡಿ."

ಪೊಟ್ಟಣದ ತುಂಬ ಸೊಂಡಿಲುಗಳು. ಅದು ಚುಚ್ಚುಮಾತೇ, ಪ್ರೀತಿಯೇ ಎಂದು ಅವಳ ಮುಖ ನೋಡಿದೆ. ಚುಚ್ಚಲು ಅವಳಿಗೆ ಎಂದೂ ಬಂದಿಲ್ಲ. ಅಡುಗೆಮನೆ ಕೈತಪ್ಪಿದ ದಿನವೂ ಅವಳಿಗೆ ಮುರಿದದ್ದು ಅಕ್ಕನ ಪಾಲಿಗೆ ಎಂಬುದು ನೆನಪಿತ್ತು. ಒಂದನ್ನು ಬಾಯಿಗೆ ಹಾಕಿಕೊಂಡೆ. ಪಾಕ ಎಲ್ಲೂ ಹದ ತಪ್ಪಿರಲಿಲ್ಲ. ಅರ್ಧ ಮುರಿದು ಅವಳ ಕೈಗೆ ಕೊಟ್ಟೆ. ಆಗಲೂ ನಿಜ ಹೇಳಲಿಲ್ಲ. ಗಂಗಾವತಿಯ ಬಸ್ಸು ಮೊದಲು ಬಂತು, ಅವಳು ಹತ್ತಿ ಹೋದಳು.

ಹೈದರಾಬಾದಿನವನು ಬಂದ. ಆಮೇಲೊಮ್ಮೆ ಹೋದಾಗ ಅವನ ಕೈಚಳಕ ನೋಡಿದೆ. ಮೊಸಳೆಯ ಪುಟಾಣಿ ಕಣ್ಣು ತೆಗೆದು ಡಬ್ಬಿಯ ಚೆರ್ರಿ ಹಣ್ಣು ಇಡಿಸಿದ್ದಾನೆ, ಮಿರ್ಚಿಯ ಮೇಲೆ ಸಿಹಿ ಹಣ್ಣು, ಅದನ್ನು ಕಂಡ ಮೇಲೆ ತಂಗಿಯ ಮೊಸಳೆ ಎಷ್ಟು ಮರ್ಯಾದಸ್ಥ ಎನಿಸಿತು. ಕರಡಿಗೆ ಟೋಪಿ ಬಂದಿದೆ. ಇಡ್ಲಿಯ ಹುಳ ಈಗ ಹಸಿರಾಗಿದೆ. ಅವನು ದೂರದಲ್ಲಿ ನಿಂತು ಬೆರಳು ತೋರಿಸುತ್ತಾನೆ, ನನ್ನ ತಂಗಿ ಕಣ್ಣು ಇಡುತ್ತಾಳೆ. ಎಡಕ್ಕೆ ಎನ್ನುತ್ತಾನೆ, ಎಡಕ್ಕೆ ಸರಿಸುತ್ತಾಳೆ. ಮೂವತ್ತು ವರ್ಷ ಮನೆಯಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳುತ್ತಿದ್ದಾಳೆ. ಬೈಯಲು ನನ್ನ ಬಾಯಿ ತುಂಬ ಮಾತುಗಳಿದ್ದವು. ಅವನನ್ನು ಅಲ್ಲಿಗೆ ಕರೆಸಿದವಳು ನಾನೇ ಎಂಬುದು ನೆನಪಾಗಿ ಎಲ್ಲವನ್ನೂ ನುಂಗಿ, ನೀಲಿ ಶರಬತ್ತು ಕುಡಿದು ಬಂದೆ. ಹೊಟ್ಟೆ ಕೆಡಲಿಲ್ಲ. ಅದೂ ನನಗೆ ಅನ್ಯಾಯವೆಂದೇ ತೋರಿತು.

ಮರುವರ್ಷದ ಗೌರಿ ಹುಣ್ಣಿಮೆ ಹತ್ತಿರ ಬಂತು. ತಂಗಿ ಪಾರ್ಕಿನಲ್ಲಿ ಎರಡು ದಿನ ರಜೆ ಕೇಳಿಕೊಂಡು ಎಂದಿನಂತೆ ಯಲಬುರ್ಗಾಕ್ಕೆ ಬರುತ್ತೇನೆ ಎಂದಳು. ಅಚ್ಚುಗಳ ಬಗ್ಗೆ ಏನೂ ಹೇಳಲಿಲ್ಲ. ನಾನು ಎರಡು ದಿನ ಮುಂಚೆಯೇ ಪೆಟ್ಟಿಗೆ ಇಳಿಸಿದೆ. ಬೋಗುಣಿ ತೊಳೆದು, ಸೋಸಿದ ನೀರು ತುಂಬಿ, ಅಚ್ಚುಗಳನ್ನು ಮುಳುಗಿಸಿದೆ. ತೇಲಬಾರದೆಂದು ಮೇಲೆ ರುಬ್ಬುವ ಗುಂಡು ಇಟ್ಟೆ. ಬೆಳಿಗ್ಗೆ ಸಂಜೆ ನೀರು ಬದಲಿಸಿದೆ. ಬಂದ ಕೂಡಲೇ ಹೇಳಿಬಿಡಬೇಕು ಎಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅಂದು ನಾನು ನೆನೆಸಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ನೀರು ಚಿಮುಕಿಸಿದ್ದೆ, ಮರ ಮುಪ್ಪಾಗಿಲ್ಲ, ಹೊಟ್ಟೆಕಿಚ್ಚು ನನ್ನದು. ನಾಲ್ಕೇ ವಾಕ್ಯ. ಮಕ್ಕಳಿಗೆ ಕ್ಷಮಾಪಣೆ ಪತ್ರ ಬರೆಯಲು ಕಲಿಸಿದ ನನಗೆ ಅಷ್ಟು ಕಷ್ಟವಾಗಬಾರದಿತ್ತು.

ಅವಳು ಬಂದು, ಕೈಕಾಲು ತೊಳೆದು, ಚಹಾ ಕುಡಿದು, ಪಾಕಕ್ಕೆ ಇಟ್ಟಳು. ನಾನು ಬಾಯಿ ತೆರೆಯುವುದರೊಳಗೆ ಬೋಗುಣಿಗೆ ಕೈ ಹಾಕಿ ಒಂದು ಅಚ್ಚು ಎತ್ತಿದಳು. ನೀರು ಇಳಿಯಲು ಬಿಟ್ಟು, ಹೆಬ್ಬೆರಳಿನಿಂದ ಒಳಗಿನ ಸೊಂಡಿಲಿನ ಗೆರೆಯನ್ನು ಸವರಿದಳು.

"ಈ ಸಲ ಛಲೋ ನೆಂದಾವ ಅಕ್ಕಾ," ಎಂದಳು.

ನನ್ನ ನಾಲ್ಕು ವಾಕ್ಯಗಳೂ ಹೋದವು. ಅವಳು ಅಚ್ಚಿನ ಎರಡು ಹೋಳು ಜೋಡಿಸಿ ನನ್ನ ಕಡೆ ಹಿಡಿದಳು. ನಾನು ದಾರ ಸುತ್ತಿದೆ.